ರಿಲೇನಾ, ಎಸ್‌ಎಸ್‌ಆರಾ, ರೆಡಿಮೇಡ್ ಮಾಡ್ಯೂಲಾ? ಲೈಟು, ಫ್ಯಾನು, ಗೀಸರು, ಪಂಪು ನಾಲ್ಕಕ್ಕೂ ಯಾವುದು ಸರಿ

ಅರ್ಧಸರ್ಕ್ಯೂಟ್:

ಎಲ್ರಿಗೂ ನಮಸ್ಕಾರ. ಇಎಸ್‌ಪಿ32 (ವೈಫೈ ಇರೋ ಪುಟ್ಟ ಕಂಟ್ರೋಲರ್ ಬೋರ್ಡು) ಮೇಲೆ ಇಎಸ್‌ಪಿಹೋಮ್ ಫರ್ಮ್‌ವೇರ್ ಹಾಕಿ ಹೋಮ್ ಅಸಿಸ್ಟೆಂಟ್ ಅನ್ನೋ ಮನೆ ಆಟೋಮೇಷನ್ ಸಾಫ್ಟ್‌ವೇರ್‌ಗೆ ಕನೆಕ್ಟ್ ಮಾಡಿದೀನಿ, ಟೇಬಲ್ ಮೇಲೆ ಎಲ್ಇಡಿ ಮಿಣುಕಿಸೋದು, ಸೆನ್ಸರ್ ಓದೋದು ಎಲ್ಲ ಸಲೀಸಾಗಿ ನಡೀತಿದೆ. ಈಗ ನಿಜವಾದ 230 ವೋಲ್ಟ್ ಲೋಡ್ ಆನ್ ಆಫ್ ಮಾಡೋ ಹಂತಕ್ಕೆ ಬಂದಿದೀನಿ ನೋಡಿ, ಇಲ್ಲೇ ತಲೆ ಕೆಟ್ಟಿರೋದು. ಓದಿದಷ್ಟೂ ಗೊಂದಲ ಜಾಸ್ತಿ.

ಮಾಡಬೇಕಾಗಿರೋದು ಇಷ್ಟು. ಹಾಲ್‌ನಲ್ಲಿ ಒಂದೇ ಸ್ವಿಚ್‌ಗೆ ಎಂಟು ಎಲ್ಇಡಿ ಡೌನ್‌ಲೈಟ್ ಇದೆ, ಒಂದೊಂದು 12 ವ್ಯಾಟ್. ಎರಡು ಸೀಲಿಂಗ್ ಫ್ಯಾನ್, ಒಂದು ಹಳೇ ಮಾಮೂಲಿ ಮೋಟರ್, ಇನ್ನೊಂದು ರಿಮೋಟ್ ಇರೋ ಬಿಎಲ್‌ಡಿಸಿ, ಆಗೋದಾದ್ರೆ ಸ್ಪೀಡ್ ಕೂಡ ಕಂಟ್ರೋಲ್ ಆಗಬೇಕು. 2 ಕಿಲೋವ್ಯಾಟ್ ಗೀಸರ್. ಆಮೇಲೆ 1 ಎಚ್‌ಪಿ ನೀರಿನ ಪಂಪು.

ಕೈಯಲ್ಲಿರೋದು ಎಲ್ರ ಹತ್ರಾನೂ ಇರೋ ಆ ನೀಲಿ ಬಣ್ಣದ ನಾಲ್ಕು ಚಾನೆಲ್ ರಿಲೇ ಬೋರ್ಡು (ರಿಲೇ ಅಂದ್ರೆ ಕಾಯಿಲ್‌ಗೆ ಕರೆಂಟ್ ಕೊಟ್ರೆ ಕಾಂಟ್ಯಾಕ್ಟ್ ಸೇರೋ ಸ್ವಿಚ್ಚು). ರಿಲೇ ಮೇಲೆ 10ಎ 250ವಿಎಸಿ ಅಂತ ಬರ್ದಿದೆ, ಲೆಕ್ಕ ಹಾಕಿದ್ರೆ ನಾಲ್ಕೂ ಲೋಡು 10 ಆಂಪ್ ಒಳಗೇ ಬರತ್ತೆ, ಅಂದ್ಮೇಲೆ ಇದೇ ಸಾಕಲ್ವಾ ಅನ್ನೋದು ನನ್ ಲೆಕ್ಕಾಚಾರ. ಆದ್ರೆ ಒಬ್ರು ರಿಲೇ ಹಳೇ ಕಾಲದ್ದು, ಎಸ್‌ಎಸ್‌ಆರ್ (ಸಾಲಿಡ್ ಸ್ಟೇಟ್ ರಿಲೇ, ಒಳಗೆ ಅಲುಗಾಡೋ ಭಾಗ ಇಲ್ದಿರೋದು) ಹಾಕು, ಟಕ್ ಟಕ್ ಸದ್ದಿಲ್ಲ, ಸವೆಯೋದೂ ಇಲ್ಲ ಅಂತಾರೆ. ಇನ್ನೊಬ್ರು ಇದೆಲ್ಲ ಬಿಟ್ಟು ಶೆಲ್ಲಿ, ಸೋನಾಫ್ ಥರದ್ದು ರೆಡಿಮೇಡ್ ಸ್ಮಾರ್ಟ್ ಸ್ವಿಚ್ ಮಾಡ್ಯೂಲ್ ತಗೊಂಡು ಆರಾಮಾಗಿರು ಅಂತಾರೆ. ಒಂದೇ ಕಂಡೀಷನ್ನು, ಗೋಡೆ ಸ್ವಿಚ್ ಮೊದಲಿನ ಹಾಗೇ ಕೆಲಸ ಮಾಡಬೇಕು, ಇಲ್ಲಾಂದ್ರೆ ಮನೇಲಿ ಈ ಪ್ರಾಜೆಕ್ಟಿಗೆ ಅವತ್ತೇ ತಿಥಿ. ಕೆಲವು ಸ್ವಿಚ್ ಬಾಕ್ಸ್‌ನಲ್ಲಿ ನ್ಯೂಟ್ರಲ್ ವೈರೇ ಇಲ್ಲ, ಅದನ್ನೂ ಹೇಳ್ಬಿಡ್ತೀನಿ.


ಪ್ಯಾನೆಲ್‌ಬೋರ್ಡ್:

ಗುರು, 10 ಆಂಪ್ ಅಂತ ಬರೆದಿರೋದನ್ನ ಹಾಗೇ ನಂಬೋಕಾಗಲ್ಲ. ಅದು ರೆಸಿಸ್ಟಿವ್ ಲೋಡ್‌ಗೆ, ಅಂದ್ರೆ ಹೀಟರ್ ಕಾಯಿಲ್ ಥರದ್ದಕ್ಕೆ ಮಾತ್ರ. ನಿನ್ ನಾಲ್ಕು ಲೋಡಲ್ಲಿ ಆ ಜಾತಿದು ಗೀಸರ್ ಒಂದೇ.

ಡೌನ್‌ಲೈಟ್ ನೋಡು. 96 ವ್ಯಾಟ್, ಅರ್ಧ ಆಂಪೂ ಇಲ್ಲ, ಪಾಪದ ಲೋಡು ಅನ್ಸತ್ತೆ. ಆದ್ರೆ ಪ್ರತಿ ಎಲ್ಇಡಿ ಡ್ರೈವರ್ ಒಳಗೂ ಒಂದು ಕೆಪಾಸಿಟರ್ ಖಾಲಿ ಕೂತಿರತ್ತೆ, ರಿಲೇ ಸೇರೋ ಕ್ಷಣಕ್ಕೆ ಎಸಿ ಸೈನ್ ವೇವ್ ಪೀಕಲ್ಲಿದ್ರೆ 325 ವೋಲ್ಟ್ ಒಟ್ಟಿಗೆ ಅದಕ್ಕೆ ನುಗ್ಗತ್ತೆ, ಆವಾಗ ಒಂದೊಂದು ಡ್ರೈವರೂ ಕೆಲವು ನೂರು ಮೈಕ್ರೋಸೆಕೆಂಡ್ ಕಾಲ ಹತ್ತಾರು ಆಂಪ್ ಎಳೆಯಬಹುದು. ಎಂಟು ಸೇರಿದ್ರೆ ಎಷ್ಟಾಗತ್ತೆ ನೀನೇ ನೋಡ್ಕೊ. ಕಾಂಟ್ಯಾಕ್ಟ್ ಸೇರುವಾಗ ಸ್ವಲ್ಪ ಪುಟಿಯತ್ತೆ ಬೇರೆ, ಆ ಪುಟಿತದಲ್ಲೇ ಕಿಡಿ ಬಂದು ಲೋಹ ಕರಗಿ ಅಂಟ್ಕೊಳತ್ತೆ. ರಿಲೇ ಅಂಟ್ಕೊಂಡಿದೆ ಅಂತ ಗೊತ್ತಾಗೋದು ಆಪ್‌ನಲ್ಲಿ ಆಫ್ ಅಂತ ತೋರಿಸ್ತಿದ್ರೂ ಲೈಟು ಉರೀತಾನೇ ಇರುವಾಗ. ರಿಲೇಗೆ ಬೆರಳಲ್ಲಿ ಮೆಲ್ಲಗೆ ಕುಟ್ಟಿದ್ರೆ ಬಿಟ್ಕೊಳತ್ತೆ, ಮತ್ತೆ ನಾಲ್ಕು ದಿನ ನಡೆದು ಮತ್ತೆ ಅಂಟತ್ತೆ. ಅದಕ್ಕೆ ಡೇಟಾಶೀಟಲ್ಲಿ ಸಿಲ್ವರ್ ಟಿನ್ ಆಕ್ಸೈಡ್ ಕಾಂಟ್ಯಾಕ್ಟ್ ಇದ್ಯಾ, ಇನ್‌ರಶ್ ಕರೆಂಟ್ (ಆನ್ ಆದ ಕ್ಷಣಕ್ಕೆ ನುಗ್ಗೋ ಕರೆಂಟ್) ಎಷ್ಟು ತಡೆಯತ್ತೆ ಅಂತ ಬರೆದಿದಾರಾ ಅಂತ ನೋಡಿ ತಗೋ. ಟಿವಿ-5, ಟಿವಿ-8 ಅಂತ ರೇಟಿಂಗ್ ಇದ್ರೆ ಇನ್ನೂ ಒಳ್ಳೇದು. ಟಿವಿ-8 ಅಂದ್ರೆ 117 ಆಂಪ್ ಪೀಕ್ ಇನ್‌ರಶ್ ತಡೆಯತ್ತೆ ಅಂತ ಟೆಸ್ಟ್ ಆಗಿರೋದು. ಹೊರಗಡೆಯಿಂದ ನೋಡೋಕೆ ಸೈಜು ಹೆಚ್ಚುಕಮ್ಮಿ ಅದೇ ಇರತ್ತೆ.

ಗೀಸರ್ 2000 ವ್ಯಾಟ್, 230ಕ್ಕೆ ಭಾಗಿಸಿದ್ರೆ 8.7 ಆಂಪ್. ಕಾಗದದ ಮೇಲೆ 10ರ ಒಳಗೇ. ಆದ್ರೆ ನಿನ್ ಬೋರ್ಡಲ್ಲಿ ರಿಲೇಗಿಂತ ಮೊದಲು ಸೋಲೋದು ಆ ಪುಟ್ಟ ಸ್ಕ್ರೂ ಟರ್ಮಿನಲ್ಲು, ಅದರ ಕೆಳಗಿರೋ ತೆಳು ತಾಮ್ರದ ಟ್ರ್ಯಾಕು. ಅರ್ಧ ಗಂಟೆ ಗೀಸರ್ ಓಡಿಸಿ, ಎಂಸಿಬಿ ಆಫ್ ಮಾಡಿ ಟರ್ಮಿನಲ್ ಮುಟ್ಟಿ ನೋಡು, ಅರ್ಥ ಆಗತ್ತೆ. ಬೋರ್ಡ್ ತಿರುಗಿಸಿ ಇನ್ನೊಂದ್ ವಿಷ್ಯಾನೂ ನೋಡು, ರಿಲೇ ಕೆಳಗೆ 230 ವೋಲ್ಟ್ ಟ್ರ್ಯಾಕಿಗೂ 5 ವೋಲ್ಟ್ ಟ್ರ್ಯಾಕಿಗೂ ಮಧ್ಯ ಎಷ್ಟು ಜಾಗ ಬಿಟ್ಟಿದಾರೆ ಅಂತ. ಒಳ್ಳೇ ಬೋರ್ಡಲ್ಲಿ ಅಲ್ಲಿ ಒಂದು ಸೀಳು ಕೊರೆದಿರ್ತಾರೆ, 6 ಮಿಲಿಮೀಟರ್ ಆದ್ರೂ ಅಂತರ ಇರತ್ತೆ. ಇಲ್ಲಾಂದ್ರೆ ಅದನ್ನ ಗೋಡೆ ಒಳಗೆ ಹಾಕ್ಬೇಡ, ಅಷ್ಟೇ.

ಪಂಪು ಈ ಬೋರ್ಡಿಗೆ ಬೇಡವೇ ಬೇಡ. 1 ಎಚ್‌ಪಿ ಸಿಂಗಲ್ ಫೇಸ್ ಮೋಟರ್ ಓಡುವಾಗ 5-6 ಆಂಪ್ ತಗೊಂಡ್ರೂ ಸ್ಟಾರ್ಟ್ ಆಗುವಾಗ ಅದರ ಆರು ಪಟ್ಟು ಎಳೆಯತ್ತೆ. ಗೀಸರಿಗೂ ಪಂಪಿಗೂ ಎರಡಕ್ಕೂ ಕಾಂಟ್ಯಾಕ್ಟರ್, ಅಂದ್ರೆ ಭಾರೀ ಲೋಡಿಗೇ ಮಾಡಿರೋ ದೊಡ್ಡ ರಿಲೇ, ಹಾಕು, ನಿನ್ನ ಸಣ್ಣ ರಿಲೇ ಕಾಂಟ್ಯಾಕ್ಟರ್ ಕಾಯಿಲ್‌ಗೆ ಮಾತ್ರ ಕರೆಂಟ್ ಕೊಡ್ಲಿ. ಕಾಂಟ್ಯಾಕ್ಟರ್ ತಗೊಳ್ಳೋವಾಗ ಮೇಲೆ ದಪ್ಪಕ್ಷರದಲ್ಲಿ 25ಎ ಅಂತ ಇರೋದನ್ನ ನೋಡಿ ತಗೋಬೇಡ, ಅದು ಎಸಿ-1 ಅಥವಾ ಎಸಿ-7ಎ, ಅಂದ್ರೆ ಹೀಟರ್ ಲೆಕ್ಕ. ಮೋಟರಿಗೆ ಎಸಿ-3 ಅಥವಾ ಎಸಿ-7ಬಿ ಸಾಲಲ್ಲಿ ಏನಿದೆ ಅಂತ ನೋಡ್ಬೇಕು, ಸಣ್ಣ ಮಾಡ್ಯುಲರ್ ಕಾಂಟ್ಯಾಕ್ಟರಲ್ಲಿ ಅದು ಸಾಮಾನ್ಯವಾಗಿ ಮೂರನೇ ಒಂದು ಭಾಗದ ಆಸುಪಾಸು ಇರತ್ತೆ. ಪಂಪಿನ ಓವರ್‌ಲೋಡ್ ಪ್ರೊಟೆಕ್ಷನ್ ಹಾಗೇ ಇರ್ಲಿ, ತೆಗೀಬೇಡ.


ಹೊಗೆಬಂತ್ರೀ:

ನೋಡ್ರಿ, ಎಸ್‌ಎಸ್‌ಆರ್ ಸವಿಯಂಗಿಲ್ಲ ಅನ್ನೋದು ಖರೇನ ಅದ. ಆದ್ರ ಅದು ಕೆಟ್ಟಾಗ ಹೆಂಗ ಕೆಡ್ತದ ಅಂತ ಯಾರೂ ಹೇಳಂಗಿಲ್ಲ. ಒಳಗಿರೋ ಟ್ರಯಾಕ್ (ಎಸಿ ಆನ್ ಆಫ್ ಮಾಡೋ ಸೆಮಿಕಂಡಕ್ಟರ್) ಸುಟ್ಟಾಗ ಬಹಳ ಸಲ ಶಾರ್ಟ್ ಆಗೇ ಸುಡ್ತದ, ಅಂದ್ರ ಲೋಡ್ ಆನ್ ಆಗೇ ಕುಂದರ್ತದ. ಲೈಟ್ ಆದ್ರ ನಡೀತದ, ಗೀಸರ್ ಆದ್ರ? ಹಂಗಾಗಿ ಗೀಸರಿಗೆ ಎಸ್‌ಎಸ್‌ಆರ್ ಹಾಕೋದಿದ್ರ ಗೀಸರಿನ ಥರ್ಮೋಸ್ಟಾಟ್, ಥರ್ಮಲ್ ಕಟೌಟ್ ಎರಡೂ ಮುಟ್ಟಬ್ಯಾಡ್ರಿ, ಸರಣಿಯೊಳಗ ಒಂದು ಕಾಂಟ್ಯಾಕ್ಟರೂ ಇರ್ಲಿ.

ಎರಡನೇದು ಬಿಸಿ. ಟ್ರಯಾಕ್ ಮ್ಯಾಲೆ ಸುಮಾರು 1.2 ವೋಲ್ಟ್ ಬೀಳ್ತದ. 8.7 ಆಂಪಿಗೆ ಗುಣಿಸ್ರಿ, 10 ವ್ಯಾಟ್ ಬರೀ ಬಿಸಿ. ಹೀಟ್‌ಸಿಂಕ್ ಬೇಕು, ಗಾಳಿ ಬೇಕು, ಸ್ವಿಚ್ ಬಾಕ್ಸಿನ್ಯಾಗ ಎರಡೂ ಸಿಗಂಗಿಲ್ಲ. ಮ್ಯಾಲೆ 40ಎ ಅಂತ ಬರ್ದು ಒಳಗ ಸಣ್ಣ ಟ್ರಯಾಕ್ ಹಾಕಿರೋ ನಕಲಿ ಮಾಲೂ ಭಾಳ ಅದ, ಹಂಗಾಗಿ ಬರ್ದಿದ್ದಕ್ಕಿಂತ ಅರ್ಧ ಕರೆಂಟಿನ ಮ್ಯಾಲೆ ಹೋಗದಂಗ ನೋಡ್ಕೊಳ್ರಿ.

ಇನ್ನ ಎಲ್ಇಡಿ ಲೈಟಿಗೆ ಎಸ್‌ಎಸ್‌ಆರ್ ಹಾಕಿದ್ರ ಮಜಾ ನೋಡಬೇಕು. ಆಫ್ ಮಾಡಿದ್ರೂ ರಾತ್ರಿ ಮಿಣಿಮಿಣಿ ಅಂತಿರ್ತದ. ಯಾಕಂದ್ರ ಟ್ರಯಾಕಿಗೆ ಅಡ್ಡ ಸ್ನಬ್ಬರ್ (ವೋಲ್ಟೇಜ್ ಸ್ಪೈಕ್ ತಗ್ಗಿಸೋ) ಕೆಪಾಸಿಟರ್ ಇರ್ತದ, 0.1 ಮೈಕ್ರೋಫ್ಯಾರಡ್ ಅಂತ ಹಿಡೀರಿ, 230 ವೋಲ್ಟ್ 50 ಹರ್ಟ್ಜಿಗೆ ಅದರಿಂದ 7 ಮಿಲಿಆಂಪ್ ಹರೀತದ. ಹಳೇ ಬಲ್ಬಿಗೆ ಅದು ಲೆಕ್ಕಕ್ಕಿಲ್ಲ, ಎಲ್ಇಡಿ ಡ್ರೈವರಿಗೆ ಅಷ್ಟು ಸಾಕು, ಕೆಪಾಸಿಟರ್ ನಿಧಾನಕ ತುಂಬ್ತದ, ಒಮ್ಮೆ ಮಿಂಚ್ತದ, ಮತ್ತ ತುಂಬ್ತದ. ಆಫ್ ಆದ ಲೈನ್ ಮುಟ್ಟಿದ್ರ ಷಾಕೂ ಹೊಡೀತದ, ಎಸ್‌ಎಸ್‌ಆರ್ ಆಫ್ ಅಂದ್ರ ಲೈನ್ ಕಟ್ ಆದಂಗ ಅಲ್ಲ. ಕೆಲಸ ಮಾಡೂಮುಂದ ಎಂಸಿಬಿ ಇಳಿಸ್ಲೇಬೇಕು.

ಹಂಗಂತ ಎಸ್‌ಎಸ್‌ಆರ್ ನಿರುಪಯೋಗಿ ಅಲ್ರಿ. ಟೆಂಪರೇಚರ್ ಕಂಟ್ರೋಲಿಗೆ ಹೀಟರನ್ನ ಹತ್ತ ಸೆಕೆಂಡಿಗೊಮ್ಮೆ ಆನ್ ಆಫ್ ಮಾಡೋದಿದ್ರ ದಿನಕ್ಕ 8640 ಸಲ ಆಗ್ತದ. ಸಾಮಾನ್ಯ ರಿಲೇ ಪೂರ್ತಿ ಲೋಡಿನ್ಯಾಗ 1 ಲಕ್ಷ ಸಲ ಅಂತ ಡೇಟಾಶೀಟ್ ಹೇಳ್ತದ, ಅಂದ್ರ ಹನ್ನೆರಡು ದಿನಕ್ಕ ಅದರ ಕಥಿ ಮುಗೀತು. ಅಲ್ಲಿ ಎಸ್‌ಎಸ್‌ಆರೇ ಬೇಕು. ಅದೇ ಹಾಲಿನ ಲೈಟ್ ದಿನಕ್ಕ ಇಪ್ಪತ್ತ ಸಲ ಹಾಕಿ ಆರಿಸಿದ್ರೂ 5000 ದಿನ ಬರ್ತದ, ಹದಿಮೂರು ವರ್ಷದ ಮ್ಯಾಲ. ಅಲ್ಲಿ ರಿಲೇ ಸವೀತದ ಅಂತ ಚಿಂತಿ ಮಾಡೋದ್ರಾಗ ಅರ್ಥ ಇಲ್ಲ, ಸವಿಯೋಕಿಂತ ಮೊದಲ ಅಂಟ್ಕೊಂಡು ಹೋಗ್ತದ, ಅದನ್ನ ಪ್ಯಾನೆಲ್‌ಬೋರ್ಡ್ ಅವ್ರು ಹೇಳ್ಯಾರ.

ಡಿಮ್ಮಿಂಗ್ ಬೇಕಾದ್ರ ಝೀರೋ ಕ್ರಾಸ್ (ವೋಲ್ಟೇಜ್ ಸೊನ್ನೆ ದಾಟೂಮುಂದ ಮಾತ್ರ ಆನ್ ಆಗೋ) ಎಸ್‌ಎಸ್‌ಆರ್ ನಡೆಯಂಗಿಲ್ಲ, ರ‍್ಯಾಂಡಮ್ ಫೇಸ್ (ಯಾವ ಕ್ಷಣಕ್ಕಾದ್ರೂ ಆನ್ ಆಗೋದು) ಇರೋದು ಬೇಕು. ಕೈಯಿಂದ ಕಟ್ಟೋರಿಗೆ ಎಂಒಸಿ3041 ಚಿಪ್ ಅಂದ್ರ ಝೀರೋ ಕ್ರಾಸಿಂದು, ಎಂಒಸಿ3021 ಅಂದ್ರ ಡಿಮ್ಮರಿಂದು. ಅದಲುಬದಲು ಹಾಕಿ ಕೋಡಿನ್ಯಾಗ ತಪ್ಪು ಹುಡ್ಕೋರು ಎಷ್ಟ ಮಂದಿ!


ಅರ್ಧಸರ್ಕ್ಯೂಟ್:

ಇಬ್ರಿಗೂ ಥ್ಯಾಂಕ್ಸ್. ಗೀಸರ್, ಪಂಪ್ ಕಾಂಟ್ಯಾಕ್ಟರ್‌ಗೆ ಹೋಯ್ತು, ಅದು ಫಿಕ್ಸ್. ಲೈಟಿಗೆ ಒಳ್ಳೇ ರಿಲೇ. ಗೋಡೆ ಸ್ವಿಚ್ ಬಗ್ಗೆ ಯಾರೂ ಏನೂ ಹೇಳಿಲ್ಲ. ಇನ್ನೊಂದು, ಇಎಸ್‌ಪಿ ರೀಸ್ಟಾರ್ಟ್ ಆದಾಗಲೆಲ್ಲ ನನ್ ಬೋರ್ಡಲ್ಲಿ ಒಂದೆರಡು ರಿಲೇ ಟಕ್ ಅಂತ ಸೇರಿ ಬಿಡತ್ತೆ, ಪಂಪ್ ಹಾಗೆ ಒಂದ್ ಕ್ಷಣ ಜರ್ಕ್ ಹೊಡೆದ್ರೆ ಏನ್ ಗತಿ?


ಎರಡುದಾರಿ:

ಗೋಡೆ ಸ್ವಿಚ್ಚಿಗೆ ಎರಡು ದಾರಿ ಉಂಟು ಮಾರಾಯ್ರೇ.

ಒಂದು, ಮೆಟ್ಟಿಲಿಗೆ ಕೆಳಗೊಂದು ಮೇಲೊಂದು ಸ್ವಿಚ್ ಇರ್ತದಲ್ಲ, ಆ ಟೂ ವೇ ವೈರಿಂಗ್. ಗೋಡೆಯ ಸ್ವಿಚ್ ತೆಗೆದು ಟೂ ವೇ ಸ್ವಿಚ್ ಹಾಕುದು. ಫೇಸ್ ಅದರ ಕಾಮನ್ನಿಗೆ, ಉಳಿದ ಎರಡು ಪಿನ್ ರಿಲೇಯ ಎನ್‌ಒ (ರಿಲೇ ಆನ್ ಆದಾಗ ಸೇರುವ ಪಿನ್) ಮತ್ತು ಎನ್‌ಸಿಗೆ (ರಿಲೇ ಆಫ್ ಇದ್ದಾಗ ಸೇರಿರುವ ಪಿನ್), ರಿಲೇಯ ಕಾಮನ್ನಿಂದ ಲೈಟಿಗೆ. ಇಎಸ್‌ಪಿ ಸತ್ತರೂ, ವೈಫೈ ಹೋದ್ರೂ, 5 ವೋಲ್ಟ್ ಸಪ್ಲೈ ಸುಟ್ಟರೂ ಗೋಡೆಯ ಸ್ವಿಚ್ಚಲ್ಲಿ ಲೈಟ್ ಹಾಕ್ಲಿಕ್ಕೆ ಆರಿಸ್ಲಿಕ್ಕೆ ಆಗ್ತದೆ. ಮನೆಯವರಿಗೆ ಬೇಕಾದ್ದು ಇದೇ. ಆದ್ರೆ ಇಲ್ಲಿ ಒಂದು ಎಂತ ಗೊತ್ತುಂಟಾ, ರಿಲೇ ಆನ್ ಇದ್ರೆ ಲೈಟ್ ಆನ್ ಅಂತ ಹೇಳ್ಲಿಕ್ಕೆ ಆಗುದಿಲ್ಲ, ಅದು ಸ್ವಿಚ್ ಯಾವ ಕಡೆ ಉಂಟು ಅನ್ನುವುದರ ಮೇಲೆ. "ರಾತ್ರಿ 11ಕ್ಕೆ ಎಲ್ಲ ಆಫ್" ಅಂತ ಆಟೋಮೇಷನ್ ಬರೆದ್ರೆ ಆಫ್ ಇದ್ದ ಲೈಟ್ ಆನ್ ಆಗಿ ಕೂರ್ತದೆ. ಹಾಗಾಗಿ ಲೈಟಿಗೆ ಹೋಗುವ ಲೈನಲ್ಲಿ ಕರೆಂಟ್ ಉಂಟಾ ಇಲ್ವಾ ನೋಡ್ಲಿಕ್ಕೆ ಒಂದು ಆಪ್ಟೋಕಪ್ಲರ್ (ಬೆಳಕಿನ ಮೂಲಕ ಸಿಗ್ನಲ್ ದಾಟಿಸಿ ಎರಡು ಬದಿಯನ್ನು ಬೇರೆ ಇಡುವ ಚಿಪ್) ಅಥವಾ ಕರೆಂಟ್ ಸೆನ್ಸರ್ ಹಾಕ್ಲೇಬೇಕು. ಎಚ್11ಎಎ1 ಥರದ್ದು ಎಸಿಗೇ ಮಾಡಿದ್ದು, ಸರಿಯಾದ ವ್ಯಾಟಿನ ರೆಸಿಸ್ಟರ್ ಜೊತೆ ಹಾಕಿದ್ರೆ ಆಯ್ತು. ಮರೀಬೇಡಿ, ಅದರ ಇನ್‌ಪುಟ್ ಬದಿ ಪೂರ್ತಿ 230 ವೋಲ್ಟ್.

ಎರಡನೆಯದ್ದು, ಗೋಡೆಯ ಸ್ವಿಚ್ಚನ್ನು ಬರೀ ಇನ್‌ಪುಟ್ ಮಾಡುದು. ಸ್ವಿಚ್ ಅದುಮಿದ್ರೆ ಇಎಸ್‌ಪಿಗೆ ಗೊತ್ತಾಗ್ತದೆ, ಇಎಸ್‌ಪಿ ರಿಲೇ ತಿರುಗಿಸ್ತದೆ. ಸ್ಟೇಟ್ ಯಾವಾಗಲೂ ಸರಿ ಇರ್ತದೆ, ವೈರಿಂಗ್ ಸುಲಭ, ರೆಡಿಮೇಡ್ ಮಾಡ್ಯೂಲ್ ಎಲ್ಲ ಹೀಗೇ ಮಾಡುದು. ಇಎಸ್‌ಪಿ ಹಾಳಾದ್ರೆ ಮಾತ್ರ ಕತ್ತಲೆ. ಈ ದಾರಿ ಹಿಡಿದ್ರೆ ಸ್ವಿಚ್ಚಿನ ಲಾಜಿಕ್ ಇಎಸ್‌ಪಿ ಒಳಗೇ ಬರೀರಿ, ಹೋಮ್ ಅಸಿಸ್ಟೆಂಟ್‌ನಲ್ಲಿ ಬರೀಬೇಡಿ, ರೌಟರ್ ಹೋದಾಗಲೂ ಲೈಟ್ ಹತ್ತಬೇಕಲ್ಲ. ಪಂಪಿಗೂ ಅದೇ, "ಇಷ್ಟು ನಿಮಿಷದ ಮೇಲೆ ಆಫ್" ಅನ್ನುವ ಟೈಮರ್ ಇಎಸ್‌ಪಿಯಲ್ಲೇ ಇರ್ಬೇಕು.

ನನ್ನನ್ನು ಕೇಳಿದ್ರೆ ಮೆಟ್ಟಿಲು, ಬಚ್ಚಲು ಇಂಥ ಕಡೆಗೆ ಮೊದಲನೆಯದ್ದು, ಉಳಿದ ಕಡೆ ಎರಡನೆಯದ್ದು.

ನ್ಯೂಟ್ರಲ್ ಇಲ್ಲದ ಬಾಕ್ಸಿಗೆ ನಿಮ್ಮ ಬೋರ್ಡು ಹೋಗುದೇ ಇಲ್ಲ, 5 ವೋಲ್ಟ್ ಸಪ್ಲೈಗೆ ನ್ಯೂಟ್ರಲ್ ಬೇಕಲ್ಲ. ಅರ್ಥ್ ವೈರನ್ನು ನ್ಯೂಟ್ರಲ್ ಅಂತ ಬಳಸುವ "ಐಡಿಯಾ" ಕೊಡುವವರು ಇರ್ತಾರೆ, ಆ ಕಡೆ ತಲೆ ಹಾಕಿ ಮಲಗಬೇಡಿ. ನ್ಯೂಟ್ರಲ್ ಬೇಡದ ಜಿಗ್‌ಬೀ (ವೈಫೈ ಹಾಗೆ ಇನ್ನೊಂದು ವೈರ್‌ಲೆಸ್) ಸ್ವಿಚ್ ಸಿಗ್ತದೆ, ಅದು ಲೈಟಿನ ಮೂಲಕವೇ ಸ್ವಲ್ಪ ಕರೆಂಟ್ ಎಳೆದು ಬದುಕುದು, ಸಣ್ಣ ವ್ಯಾಟಿನ ಎಲ್ಇಡಿ ಆದ್ರೆ ಮಿಣುಕ್ತದೆ, ಆಗ ಲೈಟಿಗೆ ಅಡ್ಡ ಒಂದು ಬೈಪಾಸ್ ಕೆಪಾಸಿಟರ್ ಹಾಕ್ಬೇಕು. ಅದಕ್ಕಿಂತ ಮಾಡ್ಯೂಲನ್ನು ಸೀಲಿಂಗಲ್ಲಿ ಲೈಟಿನ ಹತ್ರ ಇಡಿ, ಅಲ್ಲಿ ನ್ಯೂಟ್ರಲ್ ಹೇಗೂ ಇರ್ತದೆ.


ಪಿನ್‌ನಂಬರ್:

ಬೂಟ್ ಆಗುವಾಗ ಟಕ್ ಅನ್ನೋದಕ್ಕೆ ಉತ್ತರ. ಯಾವ ಪಿನ್‌ಗೆ ಕೊಟ್ಟಿದೀರ ಹೇಳಿಲ್ಲ, ಆದ್ರೆ ಇಎಸ್‌ಪಿ32ರಲ್ಲಿ 0, 2, 5, 12, 15 ಬೂಟ್ ಮೋಡ್ ನಿರ್ಧರಿಸೋ ಪಿನ್ನುಗಳು, 5, 14, 15 ಬೂಟ್ ಸಮಯದಲ್ಲಿ ತಾವೇ ಸಿಗ್ನಲ್ ಬಿಡ್ತವೆ, 34ರಿಂದ 39 ಬರೀ ಇನ್‌ಪುಟ್. 25, 26, 27, 32, 33 ಅಥವಾ 18, 19, 21, 22, 23ಕ್ಕೆ ಹಾಕಿ ನೋಡಿ. ಆಮೇಲೆ ಈ ನೀಲಿ ಬೋರ್ಡುಗಳು ಬಹುತೇಕ ಆಕ್ಟಿವ್ ಲೋ, ಅಂದ್ರೆ ಪಿನ್ ಸೊನ್ನೆ ಆದ್ರೆ ರಿಲೇ ಆನ್. ಇಎಸ್‌ಪಿಹೋಮ್‌ನಲ್ಲಿ ಇನ್ವರ್ಟೆಡ್ ಹಾಕಿ, ರಿಸ್ಟೋರ್ ಮೋಡ್ (ಬೂಟ್ ಆದಾಗ ರಿಲೇ ಹೇಗಿರಬೇಕು ಅನ್ನೋ ಸೆಟ್ಟಿಂಗ್) ಪಂಪು ಗೀಸರು ಎರಡಕ್ಕೂ ಆಲ್ವೇಸ್ ಆಫ್.

ಇನ್ನೊಂದು ವಿಷಯ ಇದರ ಹಿಂದೆಯೇ ಬರುತ್ತೆ. ಬೋರ್ಡಲ್ಲಿ ಜೆಡಿ-ವಿಸಿಸಿ (ರಿಲೇ ಕಾಯಿಲ್‌ಗೆ ಪವರ್ ಕೊಡೋ ಪಿನ್) ಅಂತ ಬರೆದಿರೋ ಕಡೆ ಅದನ್ನ ವಿಸಿಸಿಗೆ ಸೇರಿಸೋ ಜಂಪರ್ ಇದೆಯಾ? ಅದು ಹಾಕೇ ಇದ್ದು ವಿಸಿಸಿಗೆ 5 ವೋಲ್ಟ್ ಕೊಟ್ರೆ ಇಎಸ್‌ಪಿ ಪಿನ್ 3.3 ವೋಲ್ಟಲ್ಲಿ ಹೈ ಇದ್ದಾಗಲೂ 1.7 ವೋಲ್ಟ್ ವ್ಯತ್ಯಾಸ ಉಳಿಯುತ್ತೆ, ಕೆಲವು ಬೋರ್ಡಲ್ಲಿ ರಿಲೇ ಸರಿಯಾಗಿ ಬಿಡಲ್ಲ. ಜಂಪರ್ ತೆಗೆದು ವಿಸಿಸಿಗೆ ಇಎಸ್‌ಪಿಯ 3.3, ಜೆಡಿ-ವಿಸಿಸಿಗೆ ಬೇರೆ 5 ವೋಲ್ಟ್ ಸಪ್ಲೈ ಕೊಡಿ. ಆಪ್ಟೋಕಪ್ಲರ್ ಇರೋದು ಇದಕ್ಕೇ, ಜಂಪರ್ ಹಾಕಿದ್ರೆ ಅದು ಶೋಕಿಗೆ ಇದ್ದ ಹಾಗೆ. ಪವರ್ ಲೆಕ್ಕಾನೂ ಹಾಕಿ: ಒಂದು ರಿಲೇ ಕಾಯಿಲ್ ಸುಮಾರು 70 ಓಮ್, 5 ವೋಲ್ಟಿಗೆ 71 ಮಿಲಿಆಂಪ್, ನಾಲ್ಕೂ ಆನ್ ಆದ್ರೆ 285, ವೈಫೈ ಕಳಿಸುವಾಗ ಇಎಸ್‌ಪಿ 240ರ ಹತ್ರ. ಎಚ್‌ಎಲ್‌ಕೆ-ಪಿಎಂ01 ಥರದ್ದು (230 ವೋಲ್ಟನ್ನ 5 ವೋಲ್ಟ್ ಮಾಡೋ ಪುಟ್ಟ ಸಪ್ಲೈ) 600 ಮಿಲಿಆಂಪ್ ಅಷ್ಟೇ, ಉಸಿರು ಕಟ್ಟುತ್ತೆ. ರೀಸ್ಟಾರ್ಟ್ ಯಾಕಾಗ್ತಿದೆ ಅನ್ನೋದಕ್ಕೂ ಇದೇ ಕಾರಣ ಇರಬಹುದು.


ಮೂರನೇಅಣ್ಣ:

ಎಲ್ರೂ ಚೆನ್ನಾಗೇ ಹೇಳಿದೀರ, ಆದ್ರೆ ನಾನೊಂದು ತಕರಾರು ತೆಗೀತೀನಿ. ಗೋಡೆ ಒಳಗೆ ಹೋಗೋದಕ್ಕೆ ಕೈಯಲ್ಲಿ ಕಟ್ಟಿದ ಬೋರ್ಡ್ ಯಾಕೆ ಬೇಕು ಸ್ವಾಮಿ? ಶೆಲ್ಲಿ 1 ಥರದ್ದು ಸ್ವಿಚ್ ಹಿಂದೆ ಕೂರತ್ತೆ, 16 ಆಂಪ್ ರಿಲೇ, ಗೋಡೆ ಸ್ವಿಚ್ಚಿಗೆ ಇನ್‌ಪುಟ್ ಇದೆ, ಸುರಕ್ಷತೆ ಟೆಸ್ಟ್ ಆಗಿ ಬಂದಿರತ್ತೆ, ಕ್ಲೌಡ್ ಇಲ್ದೇನೇ ನಡಿಯತ್ತೆ. ನಿಮ್ಮ ಕೈಚಳಕ ಎಲ್ಲ ಸೆನ್ಸರ್, ಲಾಜಿಕ್ ಕಡೆ ತೋರಿಸಿ, ಅಲ್ಲಿ ತಪ್ಪಾದ್ರೆ ಹೊಗೆ ಬರಲ್ಲ. ಫರ್ಮ್‌ವೇರ್ ಬದಲಾಯಿಸೋ ಹುಚ್ಚಿದ್ರೆ ಒಂದೇ ಮಾತು, ಇಂಥ ಮಾಡ್ಯೂಲ್‌ಗಳಲ್ಲಿ, ಅದರಲ್ಲೂ ಪವರ್ ಅಳೆಯೋ ಪ್ಲಗ್‌ಗಳಲ್ಲಿ, ಒಳಗಿನ ಸೀರಿಯಲ್ ಪಿನ್ ಕೂಡ ಮೇನ್ಸ್‌ಗೇ ತಾಗಿರತ್ತೆ. ಅದನ್ನ ಕರೆಂಟಿಗೆ ಹಾಕಿ ಲ್ಯಾಪ್‌ಟಾಪಿಗೂ ಸಿಕ್ಸಿದ್ರೆ ಲ್ಯಾಪ್‌ಟಾಪ್ ಹೋಗೋದು ಸಣ್ಣ ನಷ್ಟ, ನೀವು ಹೋದ್ರೆ ದೊಡ್ಡದು.

ಫ್ಯಾನ್ ಯಾರೂ ಮುಟ್ಟಿಲ್ಲ. ಬಿಎಲ್‌ಡಿಸಿ ಫ್ಯಾನಿಗೆ ರಿಲೇನೂ ಬೇಡ ಡಿಮ್ಮರೂ ಬೇಡ, ಅದಕ್ಕೆ ಕರೆಂಟ್ ಯಾವಾಗ್ಲೂ ಇರ್ಲಿ. ರಿಮೋಟ್ ಐಆರ್ ಆದ್ರೆ ಒಂದು ಐಆರ್ ಎಲ್ಇಡಿ ಇಎಸ್‌ಪಿಗೆ ಸೇರಿಸಿ ರಿಮೋಟ್ ಕೋಡ್ ಕಲಿಸಿ, ಸ್ಪೀಡೂ ಸಿಕ್ತು. ಹಳೇ ಫ್ಯಾನಿಗೆ ಟ್ರಯಾಕಲ್ಲಿ ಸ್ಪೀಡ್ ಕಮ್ಮಿ ಮಾಡಬಹುದು, ಆದ್ರೆ ರಾತ್ರಿ ಗುಂಯ್ ಅನ್ನತ್ತೆ, ನಿದ್ದೆ ಬರಲ್ಲ. ಕೆಪಾಸಿಟರ್ ರೆಗ್ಯುಲೇಟರ್ ಒಳಗಿರೋ ಹಾಗೇ ಎರಡು ಕೆಪಾಸಿಟರ್, ಮೂರು ರಿಲೇ ಇಟ್ಟು ಸ್ಪೀಡ್ ಮಾಡೋದೇ ವಾಸಿ. ಪ್ರತಿ ಕೆಪಾಸಿಟರಿಗೂ ಸರಣಿಯಲ್ಲಿ 2.2 ಓಮ್, ಅಡ್ಡಕ್ಕೆ 220 ಕಿಲೋ ಓಮ್ ರೆಸಿಸ್ಟರ್ ಹಾಕಿ, ಸ್ಪೀಡ್ ಬದಲಾಯಿಸುವಾಗ ಮೊದಲು ಎಲ್ಲ ರಿಲೇ ಆಫ್, ಸ್ವಲ್ಪ ಬಿಟ್ಟು ಬೇಕಾದ್ದು ಆನ್. ತುಂಬಿದ ಕೆಪಾಸಿಟರ್ ಮೇಲೆ ಇನ್ನೊಂದನ್ನ ಸೇರಿಸಿದ್ರೆ ಅಲ್ಲೂ ಕಾಂಟ್ಯಾಕ್ಟ್ ಅಂಟೋ ಕಥೆಯೇ.


ಹೊಗೆಬಂತ್ರೀ:

ಅಣ್ಣಾವ್ರ, ಲೈಟಿಗೆ ರೆಡಿಮೇಡ್ ಅನ್ನೋದು ಒಪ್ಪಿದೆ. ಆದ್ರ 16 ಆಂಪ್ ಅಂತ ಬರ್ದದ ಅಂತ ಗೀಸರನ್ನ ಅದರ ಮ್ಯಾಲ ಹಾಕಿ ಮುಚ್ಚಿದ ಬಾಕ್ಸಿನ್ಯಾಗ ಇಡೋದು ನನಗ ಸೇರಂಗಿಲ್ಲ. ಕಾಂಟ್ಯಾಕ್ಟರ್ ಇರ್ಲಿ.


ಅರ್ಧಸರ್ಕ್ಯೂಟ್:

ಅಪ್‌ಡೇಟ್. ಲೈಟಿಗೆ ರೆಡಿಮೇಡ್ ಮಾಡ್ಯೂಲ್ ತಗೊಂಡೆ, ಸ್ವಿಚ್ ಹಾಗೇ ಇದೆ, ಮನೇಲಿ ಯಾರಿಗೂ ಬದಲಾಗಿರೋದೇ ಗೊತ್ತಾಗಿಲ್ಲ. ಬಿಎಲ್‌ಡಿಸಿ ಫ್ಯಾನ್ ಐಆರ್‌ನಲ್ಲಿ ಕುಣೀತಿದೆ. ಪಂಪಿನ ಕಾಂಟ್ಯಾಕ್ಟರ್ ಎಲೆಕ್ಟ್ರಿಷಿಯನ್ ಕೂರಿಸಿ ಹೋದ್ರು, ಅದರ ಕಾಯಿಲ್ ನನ್ ನೀಲಿ ಬೋರ್ಡಿಂದ. ಜಂಪರ್ ತೆಗೆದೆ, ಪಿನ್ 26ಕ್ಕೆ ಹಾಕಿದೆ, ಸಪ್ಲೈ ದೊಡ್ಡದು ಮಾಡಿದೆ. ಆನ್ ಚೆನ್ನಾಗಾಗತ್ತೆ. ಆಫ್ ಮಾಡಿದಾಗ ಮಾತ್ರ ಒಂದೊಂದ್ ಸಲ ಇಎಸ್‌ಪಿ ರೀಬೂಟ್ ಆಗತ್ತೆ. ಕತ್ತಲಲ್ಲಿ ನೋಡಿದ್ರೆ ರಿಲೇ ಒಳಗೆ ನೀಲಿ ಕಿಡಿ.


ಪ್ಯಾನೆಲ್‌ಬೋರ್ಡ್:

ಕಾಂಟ್ಯಾಕ್ಟರ್ ಕಾಯಿಲ್ ಅದು. ಕರೆಂಟ್ ಕಟ್ ಆದಾಗ ಕಾಯಿಲ್ ವಾಪಸ್ ಒದೆಯತ್ತೆ, ಸಾವಿರಾರು ವೋಲ್ಟಿನ ಸ್ಪೈಕ್ ಬಂದು ಕಿಡಿ ಹೊಡೆಯತ್ತೆ, ಆ ಗಲಾಟೆ ಪಕ್ಕದ ವೈರಿಗೆಲ್ಲ ಹರಡಿ ಇಎಸ್‌ಪಿ ಬೀಳತ್ತೆ. 100 ಓಮ್ ಅರ್ಧ ವ್ಯಾಟ್ ರೆಸಿಸ್ಟರು, 0.1 ಮೈಕ್ರೋಫ್ಯಾರಡ್ ಎಕ್ಸ್2 ಕೆಪಾಸಿಟರು ಸರಣಿಯಲ್ಲಿ ಸೇರಿಸಿ ಕಾಂಟ್ಯಾಕ್ಟರಿನ ಕಾಯಿಲ್ ಟರ್ಮಿನಲ್ ಎ1 ಎ2 ಮಧ್ಯೆ ಹಾಕು, ರೆಡಿ ಸ್ನಬ್ಬರ್ ಮಾಡ್ಯೂಲೂ ಸಿಗತ್ತೆ. ಎಕ್ಸ್2 (ಮೇನ್ಸ್‌ಗೆ ಅಡ್ಡ ಹಾಕೋಕೇ ಮಾಡಿರೋದು) ಅಂತ ಬರೆದಿರೋದೇ ಆಗಬೇಕು, ಡಬ್ಬೀಲಿರೋ ಬೇರೆ ಕೆಪಾಸಿಟರ್ ಹಾಕ್ಬೇಡ.

ಕೆಲವರು ಇದನ್ನ ರಿಲೇ ಕಾಂಟ್ಯಾಕ್ಟಿಗೆ ಅಡ್ಡ ಹಾಕು ಅಂತಾರೆ. ಇಲ್ಲಿ ಬೇಡ. ಮೇಲೆ ಹೊಗೆಬಂತ್ರೀ ಅವ್ರು ಲೆಕ್ಕ ಹಾಕಿದಾರಲ್ಲ 7 ಮಿಲಿಆಂಪ್, ಅದೇ ಇಲ್ಲೂ ಸೋರತ್ತೆ, ಸಣ್ಣ ಕಾಂಟ್ಯಾಕ್ಟರ್ ಆದ್ರೆ ರಿಲೇ ಬಿಟ್ರೂ ಕಾಯಿಲ್ ಗುಂಯ್‌ಗುಡ್ತಾ ಅರ್ಧ ಹಿಡ್ಕೊಂಡು ಕೂರಬಹುದು. ಇಎಸ್‌ಪಿ ವೈರನ್ನ ಕಾಯಿಲ್ ವೈರ್ ಜೊತೆ ಒಂದೇ ಕಟ್ಟಾಗಿ ಟೈ ಹಾಕಿದ್ರೆ ಅದನ್ನೂ ಬಿಡಿಸಿ ದೂರ ಮಾಡು. ಆಮೇಲೂ ರೀಬೂಟ್ ಆದ್ರೆ ಬೋರ್ಡ್ ಫೋಟೋ ಹಾಕು, ನೋಡೋಣ.